ಅವಳು ಓಡಿಸಿದರೆ ಮಾತ್ರ

ಕಾರು ನಿಂತದ್ದು ಪೀಣ್ಯದ ಕಾರ್ಖಾನೆಯೊಂದರ ಗೇಟಿನ ಎದುರಿಗೇ. ಅದೂ ಶಿಫ್ಟ್ ಬಿಡುವ ಹೊತ್ತಿಗೆ.

"ಅಕ್ಕೋ, ಎತ್ತು ಕಟ್ಟಿ ಎಳೀರಿ!"

ಸೈಕಲ್ಲುಗಳ ಗುಂಪಿನಲ್ಲಿ ನಗು. ಅನುಸೂಯ ಸ್ಟೇರಿಂಗ್ ಬಿಡಲಿಲ್ಲ. ಇಳಿದರೆ ಸೋತಂತೆ... ಚಿಕ್ಕಬಾಣಾವರದ ಹನುಮಂತರಾಯಪ್ಪನ ಮಗಳು ಕಾರು ಓಡಿಸುವುದೇ ಸುತ್ತಲಿನವರಿಗೆ ಸುದ್ದಿ, ನಿಂತಿತೆಂದರೆ ಹಬ್ಬ.

ದೇಶ ಬಿಟ್ಟು ಹೋಗುತ್ತಿದ್ದ ಇಂಗ್ಲಿಷ್ ದೊರೆಯೊಬ್ಬನಿಂದ ಅವಳ ತಾತ ಕೊಂಡಿದ್ದ ಕಪ್ಪು ಕಾರು ಅದು. ಊರ ಬಾಯಲ್ಲಿ 'ದೊರೆ ಕಾರು'. ಇಷ್ಟು ವರ್ಷ ಮುನಿಯದ್ದು, ಈ ಯುಗಾದಿಗೆ ಅನುಸೂಯ ಲೈಸೆನ್ಸ್ ತೆಗೆದುಕೊಂಡಾಗಿನಿಂದ ಹೀಗೆ. ಏರು ಬಂದರೆ, ಲಾರಿಯನ್ನು ಹಿಂದೆ ಹಾಕಹೊರಟರೆ, ತಟ್ಟನೆ ಎಂಜಿನ್ ಆರುತ್ತದೆ. ಸ್ವಲ್ಪ ಹೊತ್ತಿಗೆ ಏನೂ ಆಗದಂತೆ ಹೊರಡುತ್ತದೆ. ಅಪ್ಪ ಓಡಿಸಿದರೆ ಒಮ್ಮೆಯೂ ನಿಂತದ್ದಿಲ್ಲ.

ಗುಂಪಿನಿಂದ ಒಬ್ಬ ಮುಂದೆ ಬಂದ. ಲಗ್ಗೆರೆಯಲ್ಲಿ ರಿಪೇರಿ ಶೆಡ್ ಇಟ್ಟಿದ್ದ ರಾಮಾಂಜಿನಪ್ಪ. ಬಾನೆಟ್ ಎತ್ತಿ, ಒಳಗೆ ಕಟ್ಟಿದ್ದ ದೃಷ್ಟಿಯ ಕರಿದಾರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎಲ್ಲ ನೋಡಿದ. ಅವಳನ್ನು ಪಕ್ಕಕ್ಕೆ ಕೂರಿಸಿ ಮೆಲ್ಲಗೆ ಒಂದು ಸುತ್ತು ಓಡಿಸಿದ. ಕಾರು ಹಸುವಿನಂತೆ ನಡೆಯಿತು.

"ಕಾರು ಸರಿಯಾಗೈತೆ ಮೇಡಂ. ನೀವು ಓಡ್ಸಿದ್ರೆ ಮಾತ್ರ ನಿಲ್ಲೋದು ಇದು."

ಅವಳ ಕಿವಿ ಬಿಸಿಯಾಯಿತು. "ನೀವೂ ಅವರ ಥರಾನೇ ಅಂತ ಮೊದಲೇ ಹೇಳ್ಬೇಕಿತ್ತು. ಇಳೀರಿ."

"ಅಲ್ಲ ಮೇಡಂ, ನಾನು ಹೇಳಿದ್ದು..."

ಅವಳು ಕೇಳಲಿಲ್ಲ. ಛೇ, ಎಷ್ಟು ಒಳ್ಳೆಯ ಕಣ್ಣು, ಎಂಥ ಮಾತು!

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಸೋದರತ್ತೆ ಪಿಳ್ಳಮ್ಮ ಜಗಲಿಯ ಮೇಲೆ ಕೂತಿದ್ದಳು.

"ಎಣ್ಣು ಕೈ ಇಟ್ರೆ ಇಂಗೇ ಆಗೋದು ಅಣ್ಣಯ್ಯ. ಶುಕ್ರವಾರ ತಾಂಬೂಲ ತತ್ತೀನಿ. ಕಾರು, ಮಗಳು ಎರಡೂ ನನ್ ಮಗ ಸೊಣ್ಣಪ್ಪಂಗೆ ಒಪ್ಪಿಸ್ಬಿಡು."

ಅಪ್ಪ ತಲೆ ಕೆರೆದುಕೊಂಡ. "ಅವಳೇಳೋದೂ ನಿಜಾನೇ ಕಣಮ್ಮಣ್ಣಿ. ಇನ್ನೊಂದ್ ದಪ ನಿಂತ್ರೆ ಕೀ ಕೊಟ್ಬಿಡು."

ರಾತ್ರಿಯಿಡೀ ಒಂದೇ ಮಾತು ಚುಚ್ಚುತ್ತಿತ್ತು. ನೀವು ಓಡ್ಸಿದ್ರೆ ಮಾತ್ರ... ಹಾಗಾದರೆ ಅಪ್ಪನ ಕಾಲಿಗೂ ನನ್ನ ಕಾಲಿಗೂ ಏನು ವ್ಯತ್ಯಾಸ?

ಬೆಳಿಗ್ಗೆ ಅಪ್ಪನನ್ನೂ ಅತ್ತೆಯನ್ನೂ ಹಿಂದಿನ ಸೀಟಿಗೆ ಹತ್ತಿಸಿ ಲಗ್ಗೆರೆಗೆ ಬಂದಳು.

"ನಾನು ಓಡ್ಸಿದ್ರೆ ಯಾಕೆ ನಿಲ್ತದೆ, ತೋರ್ಸಿ. ಆಗ್ದಿದ್ರೆ ಮಾತು ವಾಪಸ್ ತಗೊಳ್ಳಿ."

ರಾಮಾಂಜಿನಪ್ಪ ನಕ್ಕ. "ನಿನ್ನೇನೇ ಹೇಳಕ್ ಬಂದೆ, ಇಳಿಸ್ಬಿಟ್ರಿ. ನಿಮ್ಮಪ್ಪಯ್ಯ ಎತ್ತಿನ ಗಾಡಿ ಹೊಡ್ದಂಗೆ ಮೆಲ್ಲಗೆ ಹೋಗ್ತಾರೆ. ನಾನೂ ನಿನ್ನೆ ಹಂಗೇ ಓಡ್ಸಿದೆ. ನೀವು ಒತ್ತಿ ತುಳೀತೀರಾ. ತುಳಿದಾಗ ಒಳಗೆ ಏನೋ ಕೈ ಬಿಡ್ತೈತೆ."

ಅವಳು ಹಿಂದಕ್ಕೆ ತಿರುಗಿದಳು.

"ಅತ್ತೆ, ಇದು ಮೊದಲೇ ಹೇಳ್ಬಿಡ್ತೀನಿ. ಸೊಣ್ಣಪ್ಪನ್ನ ನಾನು ಮದುವೆ ಆಗಲ್ಲ. ಕಾರು ನಿಂತ್ರೂ ಆಗಲ್ಲ, ಓಡಿದ್ರೂ ಆಗಲ್ಲ."

ಪಿಳ್ಳಮ್ಮನ ಬಾಯಲ್ಲಿದ್ದ ಎಲೆಯಡಿಕೆ ಹಾಗೇ ನಿಂತಿತು.

"ಹ್ಯಾಂಡ್‌ಬ್ರೇಕ್ ಎಳೀರಿ," ಎಂದ ರಾಮಾಂಜಿನಪ್ಪ, ಬಾನೆಟ್ ಎತ್ತಿ ಪಕ್ಕದಲ್ಲಿ ಬಗ್ಗಿ. "ಗೇರಿಗೆ ಹಾಕಿ. ಕ್ಲಚ್ಚು ಒಂಚೂರು ಬಿಡಿ. ಈಗ ತುಳೀರಿ."

ಅವಳು ತುಳಿದಳು. ಎಂಜಿನ್ ಗುಡುಗಿ ಒಂದು ಮಗ್ಗುಲಿಗೆ ವಾಲಿತು. ತಟ್ಟನೆ ಆರಿತು.

"ಸಿಕ್ತು. ಬನ್ನಿ, ನೀವೇ ನೋಡಿ."

ಅವಳು ಬಗ್ಗಿದಳು. ಕಿಡಿಗೆ ಕರೆಂಟು ಒಯ್ಯುವ ಸಣ್ಣ ವೈರು. ಅದನ್ನು ಪಕ್ಕದ ಕಂಬಿಗೆ ಬಿಗಿದಿತ್ತು ದೃಷ್ಟಿಯ ಕರಿದಾರ! ಎಂಜಿನ್ ವಾಲಿದಾಗಲೆಲ್ಲ ದಾರ ವೈರನ್ನು ಜಗ್ಗುತ್ತದೆ. ವೈರಿನ ಮೇಲಿನ ಬಟ್ಟೆಯ ಹೊದಿಕೆ ನೆಟ್ಟಗಿದೆ. ಒಳಗಿನ ತಂತಿ ತುಂಡಾಗಿ, ಜಗ್ಗಿದಾಗ ಬೇರೆಯಾಗಿ, ಸಡಿಲಾದಾಗ ಕೂಡಿಕೊಳ್ಳುತ್ತಿದೆ.

"ದೇವರ ದಾರ ಅಂತ ನಾನೂ ಕೈ ಮುಗಿದು ಬಿಟ್ಟಿದ್ದೆ," ಎಂದ ಅವನು ಮೆಲ್ಲಗೆ.

"ಅತ್ತೆ, ಇದನ್ನ ಕಟ್ಟಿದ್ದು?"

"ನಾನೇ ಕಣೆ... ನೀನು ಲೈಸೆನ್ಸ್ ತಂದ ದಿನ. ನಿಂಗೆ ಏನೂ ಆಗ್ದಿರ್ಲಿ ಅಂತ."

ಅತ್ತೆಯ ಕಣ್ಣಲ್ಲಿ ನಿಜವಾದ ಹೆದರಿಕೆಯಿತ್ತು. ಅನುಸೂಯಳಿಗೆ ಸಿಟ್ಟು ಬರಲಿಲ್ಲ. ಕತ್ತರಿಗಾಗಿ ಕೈ ಚಾಚಿದಳು.

"ಕತ್ತರಿಸ್ಬ್ಯಾಡ ಕಣೆ, ಕೆಡುಕಾಗ್ತೈತೆ!"

"ಆಗಿದ್ದು ಇದರಿಂದಾನೇ ಅತ್ತೆ."

ದಾರ ಕತ್ತರಿಸಿದಳು. ರಾಮಾಂಜಿನಪ್ಪ ಹೊಸ ವೈರು ಹಾಕಿದ. ವಾಪಸು ಹೋಗುವಾಗ ಏರಿನಲ್ಲಿ ಅವಳು ಪೂರ್ತಿ ತುಳಿದಳು. ಎರಡು ಲಾರಿ ಹಿಂದೆ ಬಿದ್ದವು. ಹಿಂದಿನಿಂದ ಅಪ್ಪ, "ಪಿಳ್ಳಮ್ಮ, ಸೊಣ್ಣಪ್ಪಂಗೆ ಬೇರೆ ಕಡೆ ನೋಡವ್ವ," ಎಂದದ್ದು ಅವಳಿಗೆ ಕೇಳಿಸಿತು.

ದಸರಾ ಕಳೆದ ಮೇಲೊಂದು ಮಧ್ಯಾಹ್ನ ದೊರೆ ಕಾರು ಮತ್ತೆ ಶೆಡ್ಡಿನ ಮುಂದಿತ್ತು. ಅಷ್ಟರಲ್ಲಿ ಅದು ಬ್ರೇಕು, ಹಾರ್ನು, ಇಲ್ಲದ ಸದ್ದು ಎಂದು ಎಷ್ಟೋ ಸಲ ಬಂದು ಹೋಗಿತ್ತು.

"ಮತ್ತೆ ನಿಲ್ತಾ ಐತೆ," ಎಂದಳು.

ಅವನ ಮುಖ ಸಪ್ಪಗಾಯಿತು. "ಎಲ್ಲಿ? ಏರಲ್ಲಾ?"

"ನಿಮ್ಮ ಶೆಡ್ ಮುಂದೆ."

ಅವನು ಕೈ ಒರೆಸುವುದನ್ನು ನಿಲ್ಲಿಸಿದ. "ಯಾರು ಓಡ್ಸಿದ್ರೆ?"

"ನಾನು ಓಡ್ಸಿದ್ರೆ ಮಾತ್ರ."

"ನೀವು ತುಳಿಯೋ ಕಾಲು ನಂಗೆ ಮುಂಚಿಂದ ಗೊತ್ತು," ಎಂದ ಕೈಬಟ್ಟೆ ಹೆಗಲಿಗೆ ಹಾಕುತ್ತ. "ತುಮಕೂರು ರಸ್ತೇಲಿ ಕಾರು ಹೋದ್ರೆ, ಅಪ್ಪಯ್ಯನಾ ನೀವಾ ಅಂತ ಸದ್ದಲ್ಲೇ ಹೇಳ್ತಿದ್ದೆ. ನೀವಾದ್ರೆ... ಕೆಲಸ ಬಿಟ್ಟು ಎದ್ದು ನೋಡ್ತಿದ್ದೆ. ಇದಕ್ಕೆ ರಿಪೇರಿ ಇಲ್ಲ ಮೇಡಂ."

"ನಂಗೆ ರಿಪೇರಿ ಬೇಡ. ಮೇಡಂ ಅನ್ನೋದೂ ಬೇಡ."

"ಅಪ್ಪಯ್ಯಂಗೆ ಯಾರು ಹೇಳೋದು?"

"ನಾನೇ. ಓಡ್ಸೋಳು ನಾನು ತಾನೆ? ಹತ್ತಿ."

ಅವನು ಸುತ್ತಿ ಬಂದು ಅವಳ ಪಕ್ಕದಲ್ಲಿ ಕೂತ. ಎಂಜಿನ್ ಹಿಡಿದುಕೊಂಡಿತು.

"ಮೆಲ್ಲಗೆ ಹೋಗ್ಲಾ?" ಕೇಳಿದಳು, ಓರೆನೋಟದಲ್ಲಿ.

"ತುಳಿ, ಅನುಸೂಯಾ," ಎಂದ.