ಸುಣ್ಣದ ಬಾಣ

“ಬ್ಲೌಸೇನಮ್ಮ? ಅಳತೆ ತಂದಿದೀಯಾ?”

ಕೊರಟಗೆರೆಯ ಟೈಲರ್ ಕದಿರಯ್ಯ ತಲೆಯೆತ್ತಿ ಕೇಳಿದ. ಮಂಗಳಾ ನೋಡುತ್ತಿದ್ದದ್ದು ಗೋಡೆಗೊರಗಿಸಿದ್ದ ಊರುಗೋಲನ್ನು. ಅದು ಅವನ ಕೈಗೆ ಬಂದದ್ದು ಅವಳಿಂದಲೇ...

ಮಂಗಳಾ ಮತ್ತು ಓಬಳರಾಜು ಹಳೇ ಕೋಟೆಗಳ ದೆವ್ವದ ವಿಡಿಯೋ ಮಾಡುವವರು. ಅವಳು ಕಥೆ ಬರೆದು ದನಿ ಕೊಡುವಳು. ಅಂಗಡಿ ಬೋರ್ಡು ಬರೆಯುವ ಅವನು ಕ್ಯಾಮೆರಾ ಹಿಡಿಯುವನು. ಸಾವಿರಾರು ಜನ ನೋಡಿ ಹೆದರಿ, ಲೈಕ್ ಕೊಟ್ಟು, ಸುಖವಾಗಿ ನಿದ್ದೆ ಮಾಡುತ್ತಿದ್ದರು. ಎಂಟು ತಿಂಗಳಿಂದ ನಿದ್ದೆಯಿಲ್ಲದವಳು ಮಂಗಳಾ ಒಬ್ಬಳೇ.

ಮಧುಗಿರಿ ಬೆಟ್ಟದ ಬಂಡೆಯ ಮೇಲೆ ದಾರಿ ತೋರಿಸಲು ಬಿಳಿ ಬಾಣಗಳಿವೆ. ಒಂದು ಕಥೆಗಾಗಿ ಓಬಳರಾಜು ಸುಣ್ಣದಲ್ಲಿ ಇನ್ನೊಂದು ಬಾಣ ಬಿಡಿಸಿದ, ಪ್ರಪಾತದ ಕಡೆಗೆ. ಶೂಟಿಂಗ್ ಮುಗಿದ ಮೇಲೆ ಅದನ್ನು ತೊಳೆಯಲು ಒಂದು ಬಾಟಲಿ ನೀರನ್ನು ಅವಳ ಕೈಗಿಟ್ಟು, ಸಾಮಾನು ಹೊತ್ತು ಕೆಳಗಿಳಿದ.

ಬಿಸಿಲಿತ್ತು. ಅವಳು ಆ ನೀರನ್ನು ಕುಡಿದುಬಿಟ್ಟಳು. ನಾಳೆ ತೊಳೆದರಾಯಿತು, ಇಷ್ಟರಲ್ಲಿ ಯಾರು ಬರುತ್ತಾರೆ?

ಮರುದಿನ ಬೆಳಗ್ಗೆಯೇ ಬೆಟ್ಟ ಹತ್ತಿದ ಕದಿರಯ್ಯ ಬಾಣವನ್ನು ನಂಬಿ ನಡೆದ. ಜಾರಿಬಿದ್ದು ಸೊಂಟ ಮುರಿದುಕೊಂಡ.

ಆಮೇಲೆ ಇಬ್ಬರೂ ಹೋಗಿ ಬಾಣ ಅಳಿಸಿದರು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡವಳು ಅವಳೇ. ನೀರು ಸಾಲಲಿಲ್ಲ ಎಂದು ಅವನಿಗೂ ಸುಳ್ಳು ಹೇಳಿದ್ದಳು. ಅಂದಿನಿಂದ ಬೀದಿಯಲ್ಲಿ ಪೊಲೀಸ್ ಜೀಪು ಸುಮ್ಮನೆ ಹಾದುಹೋದರೂ ಅವಳು ಪಕ್ಕದ ಅಂಗಡಿಯೊಳಗೆ ಸರಿದು ನಿಲ್ಲುತ್ತಿದ್ದಳು.

ನಿನ್ನೆ ಓಬಳರಾಜು ಮದುವೆಯಾಗೋಣ ಎಂದ. ಅವಳಿಗೆ ನಾಚಿಕೆಗಿಂತ ಮೊದಲು ಭಯವಾಯಿತು.

‘ಇವನಿಗೆ ಬೇಕಾಗಿರೋದು ನಾನೋ, ಮುಚ್ಚಿದ ನನ್ನ ಬಾಯೋ?’

ಗುಟ್ಟು ಹೊರಬಿದ್ದ ಮೇಲೂ ಅವನು ಉಳಿದರೆ ನಂಬಬಹುದು. ಅದಕ್ಕೇ ಇಂದು ಕದಿರಯ್ಯನ ಅಂಗಡಿಗೆ ಬಂದಿದ್ದಳು, ಜೈಲಿಗೂ ಸಿದ್ಧಳಾಗಿ.

“ಬೆಟ್ಟದ ಮೇಲಿನ ಆ ಬಾಣ... ನಮ್ದು ಕಣಣ್ಣ. ಅಳಿಸಬೇಕಾಗಿದ್ದೋಳು ನಾನು. ನೀರು ಕುಡಿದುಬುಟ್ಟೆ.”

ಹೊಲಿಗೆ ಮೆಷೀನು ನಿಂತಿತು. ಕದಿರಯ್ಯ ಅವಳ ಕಡೆ ತಿರುಗಿದ.

“ನೀರು ಕುಡಿದೋನು ತಾನೇ ಅಂದಿದ್ನಲ್ಲ ಅವ್ನು?”

“ಯಾರು?”

“ಓಬಳರಾಜು. ಆಸ್ಪತ್ರೆಗೇ ಬಂದು ಕಾಲು ಹಿಡ್ಕಂಡ. ಕಂಪ್ಲೇಂಟ್ ಕೊಡ್ತೀನಿ ಅಂದೆ. ಕೊಡಿ ಅಂದ. ಅದ್ಕೇ ಕೊಡ್ಲಿಲ್ಲ. ಪೆಡಲ್ ತುಳಿಯಕ್ಕಾಗಲ್ಲ ಅಂತ ಈ ಮೋಟ್ರು ಕೂರಿಸ್ದೋನೂ ಅವ್ನೇ. ಸಿಟ್ಟು ಇನ್ನೂ ಐತೆ ಕಣಮ್ಮ. ಆದ್ರೂ ಸೋಮವಾರ ಬಂದ್ರೆ ಟೀ ಕುಡಿಸ್ತೀನಿ.”

ಅಂದು ಸೋಮವಾರ. ಬಾಗಿಲಲ್ಲಿ ದಾರದ ಉಂಡೆಗಳ ಪೊಟ್ಟಣ ಹಿಡಿದು ಓಬಳರಾಜು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ಬಾಟ್ಲಿ ವಿಷ್ಯ ನಿಂಗೆ ಹೆಂಗೆ ಗೊತ್ತಾಯ್ತು?” ಎಂದಳು.

“ಬಾಟ್ಲಿ ಖಾಲಿ ಇತ್ತು, ಅಳಿಸಕ್ಕೆ ಹೋದಾಗ ಬಾಣ ಒಂಚೂರೂ ಮಾಸಿರ್ಲಿಲ್ಲ.”

“ಇಲ್ಲಿಗೆ ಬತ್ತೀನಿ ಅಂತ ಯಾಕೆ ಹೇಳ್ಲಿಲ್ಲ?”

“ನೀನು ನನ್ಜೊತೆ ಇರೋದು ಆ ಗುಟ್ಟಿಗೋಸ್ಕರ ಅಂದ್ಕಂಡಿದ್ದೆ. ಅದು ಹೋದ್ರೆ ನೀನೂ ಹೋಗ್ತೀಯ ಅಂತ ಭಯ ಆಯ್ತು ಮಂಗಳಾ.”

ಒಂದೇ ಭಯವನ್ನು ಇಬ್ಬರೂ ಬೇರೆಬೇರೆಯಾಗಿ ಹೊತ್ತಿದ್ದರು!

“ನಿನ್ನೆ ಕೇಳಿದ್ದನ್ನ ಇನ್ನೊಂದ್ಸಲ ಕೇಳು.”

“ನನ್ಜೊತೆ ಇರ್ತೀಯಾ?”

“ಇರ್ತೀನಿ,” ಎಂದಳು, ಕಣ್ಣೊರೆಸಿಕೊಳ್ಳುತ್ತ. “ನೀರಿನ ಬಾಟ್ಲಿ ಮಾತ್ರ ನೀನೇ ಇಟ್ಕೋ.”