ನನ್ನ ಕಡೆ ನೋಡದ ಗಂಡ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕು ವರ್ಷವಾಗಿತ್ತು. ಮದುವೆಯಾದ ಮೂರು ತಿಂಗಳಿಗೆ ತವರು ಪಾಮನಕಲ್ಲೂರಿಗೆ ಹೋಗಿದ್ದೆ. ಗಂಡನಿಗೆ ಭಾರಿ ಜ್ವರ ಬಂದಿತ್ತೆಂಬ ಸುದ್ದಿ ನನಗೆ ಸಿಕ್ಕಿದ್ದು ಸಂತೆಯಲ್ಲಿ; ಅತ್ತೆಯ ಮನೆಯವರು ಹೇಳಿ ಕಳಿಸಿರಲೇ ಇಲ್ಲ. ಗಂಡನ ಊರು ಮಸ್ಕಿಗೆ ಓಡಿಬಂದೆ. ಅವರು ಪಡಸಾಲೆಯಲ್ಲಿ ಕೂತಿದ್ದರು. ಬಡಕಲಾಗಿದ್ದರೂ ಚೆಲುವು ಹೋಗಿರಲಿಲ್ಲ. ನನ್ನತ್ತ ಕಣ್ಣೆತ್ತಲೂ ಇಲ್ಲ.

ಮೊದಲ ದಿನ ನಾನೇ ಸಮಾಧಾನ ಮಾಡಿಕೊಂಡೆ. ಹಿರಿಯರ ಮುಂದೆ ಹಗಲುಹೊತ್ತು ಹೆಂಡತಿಯ ಮುಖ ನೋಡುವ ಗಂಡಸು ನಮ್ಮ ಕಡೆ ಮರ್ಯಾದಸ್ಥ ಅನ್ನಿಸಿಕೊಳ್ಳುವುದಿಲ್ಲ. ಆದರೆ ಅತ್ತೆ ಬಾವಿಗೆ ಹೋದಾಗಲೂ ನೋಡಲಿಲ್ಲವಲ್ಲ! ಕಾಡಿಗೆ ಹಚ್ಚಿದೆ, ಇಳಕಲ್ ಸೀರೆ ಉಟ್ಟೆ, ಬೇಕೆಂದೇ ಎದುರಿಗೆ ನಿಂತು ಜಡೆ ಹೆಣೆದೆ. ಊಹೂಂ.

ಮೂರನೆಯ ದಿನ ಕಾರಣ ಕಂಡಿತು ಅಂದುಕೊಂಡೆ. ಆರೈಕೆಗೆಂದು ಸಾಲಗುಂದದಿಂದ ಬಂದಿದ್ದ ಅವರ ಸೋದರತ್ತೆಯ ಮಗಳು ಶೇಖರಮ್ಮ ಹಿತ್ತಿಲಲ್ಲಿ ಅವರ ಕೈ ಹಿಡಿದು ನಡೆಯುತ್ತಿದ್ದಳು. ನನ್ನನ್ನು ಕಂಡವಳೇ ಕೈ ಬಿಟ್ಟಳು. ನನ್ನ ಹೊಟ್ಟೆ ಉರಿದುಹೋಯಿತು.

ಅಂದೇ ಸಂಜೆ ಗಂಡ ಅಂದರು, "ಕಸ್ತೂರಿ, ನೀ ತವರಿಗೆ ಹೋಗಿಬಿಡು. ನಿಮ್ಮಪ್ಪ ಉಡಿಕಿ ಮಾಡಿ ಬ್ಯಾರೆ ಮನಿಗೆ ಕೊಡ್ಲಿ."

ಉಡಿಕೆ! ನನಗೆ ಎರಡನೆಯ ಮದುವೆ, ಇವರಿಗೆ ಶೇಖರಮ್ಮ. ಎಷ್ಟು ಸಲೀಸು!

ಹೋಗುವುದಾದರೆ ಜಗಳ ತೆಗೆದೇ ಹೋಗಬೇಕೆಂದು ಮರುದಿನ ಮುಂಜಾನೆ ಪೂಜೆಯ ಕೋಣೆಗೆ ನುಗ್ಗಿದೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಿದ್ದರು. ದೃಷ್ಟಿ ಲಿಂಗದ ಮೇಲಿರಬೇಕು. ಅವರದು ಗೋಡೆಯ ಕಡೆಗಿತ್ತು. ಬಲಗೈ ಬಿಲ್ವಪತ್ರೆಗಾಗಿ ನೆಲ ತಡಕಾಡುತ್ತಿತ್ತು. ಪತ್ರೆಯ ತಟ್ಟೆ ಮೊಣಕಾಲ ಪಕ್ಕದಲ್ಲೇ ಇತ್ತು.

ನನ್ನ ಸಿಟ್ಟು ಅಲ್ಲೇ ಇಳಿಯಿತು. ಒಂದು ಪತ್ರೆ ಅವರ ಕೈಗಿಟ್ಟೆ.

"ಯಾರು, ಶೇಖರಮ್ಮನಾ?"

"ಅಲ್ರೀ. ನಿಮ್ಮ ಹೇಂತಿ."

ಆ ಪತ್ರೆಯನ್ನು ಲಿಂಗದ ಮೇಲಿಟ್ಟರು. ಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡು, ನನ್ನ ದನಿ ಬಂದ ಕಡೆ ತಿರುಗಿದರು.

"ಜ್ವರ ಮಿದುಳಿಗೇರಿತ್ತು. ದವಾಖಾನ್ಯಾಗ ಬೆನ್ನಿಗೆ ಸೂಜಿ ಚುಚ್ಚಿ ನೀರು ತಗದ್ರು, ಪೆನ್ಸಿಲಿನ್ ಕೊಟ್ರು. ಜೀವ ಉಳೀತು, ಕಣ್ಣು ಹೋದ್ವು. ನಿಂಗ ಹೇಳಬ್ಯಾಡ್ರಿ ಅಂತ ಮನಿಯವ್ರಿಗೆ ನಾನಾ ಅಂದಿದ್ದೆ. ನಿಂಗ ಇನ್ನಾ ಹದಿನೆಂಟು. ಕುರುಡನ ಕೂಡ ಯಾಕ ಬಾಳ್ತಿ?"

"ಅದನ್ನ ನನ್ನ ಕೇಳಬೇಕಿತ್ತು. ನಿನ್ನಿಯಿಂದ ಆ ಹುಡುಗಿಗೆ ಮನಸಿನ್ಯಾಗ ಏನೇನು ಬೈದೀನಿ, ಗೊತ್ತೇನ್ರೀ?"

ಅವರು ನಕ್ಕರು; ನಗುತ್ತಲೇ ಕಣ್ಣು ತುಂಬಿದವು. "ಒಂದಾ ಸಂಕಟ, ಕಸ್ತೂರಿ. ಕಣ್ಣಿದ್ದಾಗ ಅವ್ವನ ಮುಂದ ನಾಚಿ ನಿನ್ನ ನೆಟ್ಟಗ ನೋಡಲೇ ಇಲ್ಲ. ಈಗ ನಿನ್ನ ಮುಖಾನ ನೆಪ್ಪಿಗೆ ಬರವಲ್ದು."

ಅವರ ಕೈ ಎತ್ತಿ ನನ್ನ ಹಣೆಯ ಮೇಲಿಟ್ಟುಕೊಂಡೆ. ಬೆರಳು ಹುಬ್ಬಿಗೆ ಬಂತು, ಮೂಗಿಗೆ ಬಂತು.

"ಇಷ್ಟು ದಪ್ಪ ಮೂಗೇನು?"

"ಸಿಟ್ಟಿಗೆ ಊದೈತ್ರಿ."

ಹೊಸ್ತಿಲಲ್ಲಿ ಬಳೆ ಸದ್ದಾಯಿತು. ಅವರ ಕೈ ಹಿಂದಕ್ಕೆ ಸರಿಯಿತು. "ಅವ್ವ ಬಂದಳೇನು?"

ಅತ್ತೆಯೇ ನಿಂತಿದ್ದರು. ನಾನು ಸೆರಗು ಎಳೆದುಕೊಳ್ಳಲಿಲ್ಲ. ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡೆ.

"ಬಂದಾರ್ರೀ. ನಿಂತಿರ್ಲಿ. ನೀವು ಮದ್ಲು ನನ್ನ ಪೂರಾ ನೋಡ್ರಿ."