ಬೂದು ಹೊಗೆ, ಊದಾ ಹೊಗೆ

"ಎರಡೂ ಕೈ ಇಟ್ಟು ನೋಡು ಹಫೀಜಾ. ಚೂರಾದ್ರೂ ಬಿಸಿ ಇದ್ಯಾ?"

ಹಫೀಜಾ ಕಾರಿನ ಬಾನೆಟ್ ಮೇಲೆ ಅಂಗೈ ಒತ್ತಿದಳು. ಮೈಯೆಲ್ಲ ಜುಂ ಎಂದಿತು. "ಇಲ್ಲ ಅಬ್ಬಾ, ತಣ್ಣಗಿದೆ."

"ರಾತ್ರಿಯೆಲ್ಲ ಇಲ್ಲೇ ನಿಂತಿತ್ತು ಕಣಮ್ಮಿ," ಎಂದರು ಸಿದ್ದಮಲ್ಲಪ್ಪ.

ಆ ಹಳೆಯ ಕಪ್ಪು ಕಾರು ಅವರದು. ಅವರ ಕಣ್ಣು ಮಂಜಾಗಿತ್ತು, ಇನ್ನು ಕಾರು ಓಡಿಸುವ ಹಾಗಿರಲಿಲ್ಲ. ಚಾಮರಾಜನಗರದ ಮನೆ ಬಿಟ್ಟು ತಮ್ಮ ಊರಾದ ಚಂದಕವಾಡಿಗೆ ಹೋಗುವವರಿದ್ದರು. ಅಲ್ಲಿ ಅವರಿಗೆ ಆಳು ಓಡಿಸುವ ಒಂದು ಜಟಕಾ ಇದ್ದರೆ ಸಾಕಿತ್ತು.

ಹಫೀಜಾಳ ಅಪ್ಪ ಗುಲಾಮ್ ಮೊಹಿದ್ದೀನ್ ಗುಂಡ್ಲುಪೇಟೆಯಲ್ಲಿ ಜಟಕಾ ಓಡಿಸುತ್ತಿದ್ದ. ಬಸ್ಸುಗಳು ಹೆಚ್ಚಾದ ಮೇಲೆ ಜಟಕಾ ಹತ್ತುವವರೇ ಇಲ್ಲ. ಕಾರಿದ್ದರೆ ಬಾಡಿಗೆಗೆ ಬಿಡಬಹುದು. ಕಾರು ಚೆನ್ನಾಗಿದ್ದರೆ ಗಾಡಿಯೂ ಕುದುರೆಯೂ ಸಿದ್ದಮಲ್ಲಪ್ಪನವರಿಗೆ, ಕಾರು ಅಪ್ಪನಿಗೆ ಎಂದು ಮಾತಾಗಿತ್ತು.

ಕುದುರೆ ಎಂದರೆ ಚಮೇಲಿ. ಹಫೀಜಾ ನಡೆಯಲು ಕಲಿತದ್ದೇ ಅದರ ಕಾಲು ಹಿಡಿದುಕೊಂಡು. ಈಗ ಅದು ಬೇವಿನ ಮರದ ಕೆಳಗೆ ಹುಲ್ಲು ಮೇಯುತ್ತಿತ್ತು. ಇದೊಂದು ದಿನ ಅದರ ಜೊತೆಗಿರಬೇಕೆಂದು ಹಫೀಜಾ ಹಟ ಹಿಡಿದು, ಸ್ಕೂಲು ತಪ್ಪಿಸಿ ಬಂದಿದ್ದಳು. ಬಂದ ಮೇಲೆ ಆ ಕಡೆ ನೋಡಲೇಬಾರದು ಎಂದುಕೊಂಡಳು. ಕಣ್ಣು ಮಾತು ಕೇಳಬೇಕಲ್ಲ!

ಲಾರಿ ಓಡಿಸುವ ಮಕ್ಸೂದ್ ಚಿಕ್ಕಪ್ಪ ಅಪ್ಪನಿಗೆ ಡ್ರೈವಿಂಗ್ ಕಲಿಸಿದವನು. ಹೊರಡುವಾಗ ಅವನು ಬುದ್ಧಿ ಹೇಳಿ ಕಳಿಸಿದ್ದ. "ಹಳೇ ಕಾರನ್ನ ತಣ್ಣಗಿರುವಾಗ್ಲೇ ಸ್ಟಾರ್ಟ್ ಮಾಡಿಸು ಭಾಯಿ. ಮೊದಲನೇ ಹೊಗೆ ನೋಡು. ಊದಾ ಬಂದ್ರೆ ಒಳಗೆ ಎಣ್ಣೆ ಸುಡ್ತಿದೆ ಅಂತ, ಬೇಡವೇ ಬೇಡ. ಬೂದು ಬಂದು ಕರಗಿಹೋದ್ರೆ ಅದು ಬರೀ ಇಬ್ಬನಿ ನೀರು. ಕಣ್ಮುಚ್ಚಿ ತಗೋ."

ಊದಾ ಎಂದರೆ ಅವರ ಮನೆಯಲ್ಲಿ ಬದನೆಕಾಯಿಯ ನೀಲಿ. ಬೂದು ಎಂದರೆ ಬೂದಿಯ ಬಣ್ಣ.

ಸಿದ್ದಮಲ್ಲಪ್ಪ ಸೀಟಿನಲ್ಲಿ ಕುಳಿತರು. ಅಪ್ಪ ಕಾರಿನ ಮುಂದೆ ಬಗ್ಗಿ, ಎಂಜಿನ್ ಸ್ಟಾರ್ಟ್ ಮಾಡುವ ಹ್ಯಾಂಡಲ್ ತಿರುಗಿಸಿದ. ಹಿಂದೆ, ಹೊಗೆಯ ಕೊಳವೆಯ ಹತ್ತಿರ, ನಿಂತವಳು ಹಫೀಜಾ ಒಬ್ಬಳೇ.

ಎಂಜಿನ್ ಕೆಮ್ಮಿ ಸುಮ್ಮನಾಯಿತು. ಅಪ್ಪ ಮತ್ತೆ ಜೋರಾಗಿ ತಿರುಗಿಸಿದ. ಇಡೀ ಕಾರು ನಡುಗಿ ಗಡಗಡ ಸದ್ದು ಮಾಡಿತು. ಕೊಳವೆಯಿಂದ ಹೊಗೆ ಭುಸ್ಸೆಂದು ಬಂತು.

ಊದಾ ಬರಲಿ, ಊದಾ ಬರಲಿ ಎಂದು ಹಫೀಜಾ ಮನಸ್ಸಿನಲ್ಲೇ ಬೇಡಿಕೊಂಡಿದ್ದಳು. ಆದರೆ ಬಂದದ್ದು ಬೂದು. ಅನ್ನದ ಹಬೆಯ ಹಾಗೆ ಮೇಲೆದ್ದು ಕರಗಿಹೋಯಿತು. ಕೊಳವೆಯ ತುದಿಯಿಂದ ನೀರು ತೊಟ್ಟಿಕ್ಕಿತು. ಅವಳಿಗೆ ಅಳು ಬಂತು.

"ಏನ್ ಬಣ್ಣ?" ಅಪ್ಪ ಆ ಗದ್ದಲದಲ್ಲೇ ಕೂಗಿ ಕೇಳಿದ.

"ಬೂದು!"

"ಊದಾ ಅಂತೆ! ಆಫ್ ಮಾಡಿ ಸ್ವಾಮಿ, ಆಫ್ ಮಾಡಿ."

ಎಂಜಿನ್ ನಿಂತಿತು. ಅಪ್ಪ ಹ್ಯಾಂಡಲ್ ಕೆಳಗಿಟ್ಟ. "ಬೇಜಾರು ಮಾಡ್ಕೋಬೇಡಿ ಸ್ವಾಮಿ. ನಿಮ್ಮ ಕಾರು ಎಣ್ಣೆ ಸುಡ್ತದೆ. ನಮಗೆ ಬೇಡ."

ಸಿದ್ದಮಲ್ಲಪ್ಪ ಬಾಗಿಲು ಹಿಡಿದು ನಿಧಾನವಾಗಿ ಇಳಿದರು. "ನನ್ ಕಾರಾ? ನಂಗೆ ಕಣ್ ಕಾಣಾಕಿಲ್ಲ ಸಾಬ್ರೇ. ಮಗು ನೋಡ್ಯದೆ ಅಂದ್ಮೇಲೆ ದಿಟವೇ ಇರ್ಬೇಕು ಬುಡಿ. ಇಂಥದ್ನ ಇನ್ಯಾರ್ಗೂ ಕೊಡಬಾರ್ದು. ಗುಜರಿಗೆ ಆಕ್ಬುಡ್ತೀನಿ."

ಅಪ್ಪ ಆಗಲೇ ಚಮೇಲಿಯ ಹಗ್ಗ ಬಿಚ್ಚುತ್ತಿದ್ದ.

ಹಫೀಜಾ ಏನೂ ಸುಳ್ಳು ಹೇಳಿರಲಿಲ್ಲ. ಅಪ್ಪನ ಕಿವಿಗೆ ಹಾಗೆ ಬಿದ್ದಿತ್ತು, ಅಷ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಚಮೇಲಿ ತಮ್ಮ ಜೊತೆ ಮನೆಗೆ ಬರುತ್ತದೆ. ಮೊದಲನೇ ಹೊಗೆ ಹೋಗಿ ಆಗಿತ್ತು. ಅದನ್ನು ನೋಡಿದವರು ಬೇರೆ ಯಾರೂ ಇರಲಿಲ್ಲ.

ಸಿದ್ದಮಲ್ಲಪ್ಪ ಕಾರಿನ ಬಾಗಿಲನ್ನು ಸವರುತ್ತಾ ನಿಂತೇ ಇದ್ದರು. ಹಫೀಜಾಗೆ ಅವರ ಮುಖ ನೋಡಲು ಆಗಲಿಲ್ಲ.

"ಅಬ್ಬಾ," ಎಂದಳು. "ನಾನು ಊದಾ ಅನ್ಲಿಲ್ಲ. ಬೂದು ಅಂದೆ."

ಅಪ್ಪನ ಕೈ ಹಗ್ಗದ ಮೇಲೆಯೇ ನಿಂತಿತು. "ಯೋಚ್ನೆ ಮಾಡಿ ಹೇಳು."

"ಬೂದೇ ಅಬ್ಬಾ. ಕರಗಿಹೋಯ್ತು. ನೀರೂ ಬಿತ್ತು."

ಅಪ್ಪ ಬಂದು ಕೊಳವೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತ. ತುದಿಯಲ್ಲಿದ್ದ ಹನಿಯನ್ನು ಬೆರಳಿನಲ್ಲಿ ಉಜ್ಜಿ ಮೂಸಿ ನೋಡಿದ. ಜಿಡ್ಡಿರಲಿಲ್ಲ. "ನೀರೇ," ಎಂದ. ಆಮೇಲೆ ಸುಮಾರು ಹೊತ್ತು ಏಳಲೇ ಇಲ್ಲ.

"ಓದ ಜೀವ ಬಂತು ಕಣಮ್ಮಿ," ಎಂದು ಸಿದ್ದಮಲ್ಲಪ್ಪ ಹಫೀಜಾಳ ತಲೆ ಸವರಿ, ಕಾರಿನ ಕಾಗದ ತರಲು ಒಳಗೆ ಹೋದರು.

ಅಪ್ಪ ಚಮೇಲಿಗೆ ನೀರು ತಂದಿಟ್ಟ. ಅದು ಕುಡಿದು ಮುಗಿಸಿದರೂ ಅದರ ಕುತ್ತಿಗೆಗೆ ಹಣೆ ಒತ್ತಿಕೊಂಡು ನಿಂತೇ ಇದ್ದ. ಹಫೀಜಾ ನೋಡುತ್ತಿದ್ದಳು. ಲಾಳದ ಒಂದು ಮೊಳೆಯನ್ನೂ ಎರಡೆರಡು ಸಲ ಮುಟ್ಟಿ ನೋಡುವ ಅಪ್ಪ, ಊದಾ ಎಂದು ಕೇಳಿಸಿದಾಗ ಕಾರಿನ ಹಿಂದಕ್ಕೆ ಬಂದು ನೋಡಿರಲೇ ಇಲ್ಲ.

ಅವಳು ಹೋಗಿ ಅಪ್ಪನಿಗೆ ಒತ್ತಿಕೊಂಡು ನಿಂತಳು.

"ಎಂಜಿನ್ ಗಲಾಟೆ ಕಣಮ್ಮಾ," ಎಂದ ಅಪ್ಪ, ಮುಖ ತಿರುಗಿಸದೆ. "ನನಗೆ ಸರಿಯಾಗಿ ಕೇಳಿಸ್ಲಿಲ್ಲ."

"ಹೂಂ ಅಬ್ಬಾ," ಎಂದಳು ಹಫೀಜಾ. "ತುಂಬಾ ಗಲಾಟೆ ಇತ್ತು."